ಪಿಟ್ಸ್‌ಬರ್ಗಿನ ಪೇಟಿ ಮಾಸ್ತರ್

2023ರ ಏಪ್ರಿಲ್ 17ರ ಸೋಮವಾರ ಬೆಳಿಗ್ಗೆ, ಬಳ್ಳಾರಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಪಾಳಿಯ ಬಸ್ಸಿನಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದಾಗ, ಪಿಯಾನೊ ವಾದಕ ಅಹ್ಮದ್ ಜಮಾಲ್ ಹಿಂದಿನ ದಿನ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ತೀರಿಕೊಂಡ ಸುದ್ದಿ ಕಣ್ಣಿಗೆ ಬಿತ್ತು. ಅವರಿಗೆ 92 ವರ್ಷವಾಗಿತ್ತು. ನನ್ನ ಮುಖ ಕಂಡು ಪಕ್ಕದಲ್ಲಿದ್ದ ಸಹೋದ್ಯೋಗಿ, "ಯಾಕ್ರೀ, ಮನ್ಯಾಗ ಯಾರಿಗೇನಾಯ್ತು?" ಎಂದು ಕೇಳಿದರು. ನಾನು ಎಂದೂ ಕಾಣದ, ಆ ಬಸ್ಸಿನಲ್ಲಿ ಒಬ್ಬರೂ ಹೆಸರು ಕೇಳಿರಲಾರದ ಜಾಝ್ ಸಂಗೀತಗಾರರೊಬ್ಬರಿಗಾಗಿ ಮುಖ ಬಾಡಿಸಿಕೊಂಡಿದ್ದೇನೆ ಎಂದು ಹೇಳಲು ನಾಚಿಕೆಯಾಗಿ, ದೂರದ ಸಂಬಂಧಿಕರು ಎಂದುಬಿಟ್ಟೆ.

ಹಾಗೆಂದದ್ದು ಪೂರ್ತಿ ಸುಳ್ಳೂ ಅಲ್ಲ. ನನ್ನ ಮಟ್ಟಿಗೆ ಜಮಾಲರು ನಮ್ಮ ಸೋದರಮಾವನ ಕಡೆಯವರು. ಮಾಮ ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ನಲವತ್ತು ವರ್ಷ ನಾಟಕ ಕಲಿಸಿದ ಪೇಟಿ ಮಾಸ್ತರರು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಊರ ಹುಡುಗರು ಒಟ್ಟು ಸೇರಿ, ಜಾತ್ರೆಗೊಂದು ಪೌರಾಣಿಕ ನಾಟಕ ಆಡುವುದೆಂದು ನಿಶ್ಚಯಿಸಿ, ವೀಳ್ಯ ಕೊಟ್ಟು ಅವರನ್ನು ಕರೆದೊಯ್ಯುತ್ತಿದ್ದರು. ಎರಡು ಮೂರು ತಿಂಗಳು ಗುಡಿಯ ಕಟ್ಟೆಯ ಮೇಲೋ ಯಾರದೋ ಪಡಸಾಲೆಯಲ್ಲೋ ರಾತ್ರಿಯ ತಾಲೀಮು ನಡೆಯುತ್ತಿತ್ತು. ಹಗಲೆಲ್ಲ ಹೊಲದಲ್ಲಿ ದುಡಿದು ಬಂದ, ಸರಿಗಮ ಎಂದರೇನೆಂದೇ ತಿಳಿಯದ ಹುಡುಗನ ಗಂಟಲನ್ನು ಹಾರ್ಮೋನಿಯಂ ಮೇಲೆ ಅಳೆದು, ಇವನದು ಕರಿ ಒಂದು, ಅವನದು ಬಿಳಿ ನಾಲ್ಕು ಎಂದು ಶ್ರುತಿ ಗೊತ್ತುಮಾಡಿ, ಅವನ ಬಾಯಿಂದ ಕಂದಪದ್ಯವನ್ನೋ ಸೀಸಪದ್ಯವನ್ನೋ ಹೊರಡಿಸುವುದು ಮಾಮನ ವೃತ್ತಿಯಾಗಿತ್ತು.

ನಾಟಕದ ರಾತ್ರಿ ನಾನು ರಂಗದ ಮುಂದೆ, ಅವರ ಕಾಲುಪೇಟಿಗೆ ಆತುಕೊಂಡು ಕುಳಿತಿರುತ್ತಿದ್ದೆ. ದುರ್ಯೋಧನ ಗದೆ ಹೊತ್ತು ಬಂದು, ಮಾತು ಮುಗಿಸಿ, ಪದ್ಯ ಎತ್ತಿಕೊಂಡು, ಕೊನೆಯ ಪಾದಕ್ಕೆ ಬಂದಾಗ ರಾಗ ಎಳೆಯತೊಡಗುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಮಾಮ ಎರಡೂ ಕೈಗಳನ್ನು ಪೇಟಿಯ ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗಳ, ಮೇಲಿಂದ ಒಂದು ಗೇಣಿನಷ್ಟು ಮೇಲಕ್ಕೆತ್ತಿಬಿಡುತ್ತಿದ್ದರು. ಕಾಲುಗಳು ಮಾತ್ರ ತಿದಿಯನ್ನು ತುಳಿಯುತ್ತಲೇ ಇರುತ್ತಿದ್ದವು. ಪೇಟಿಯ ಒಳಗೆ ಸ್ವರವಾಗದ ಗಾಳಿ ಬುಸುಗುಡುವುದು ಪಕ್ಕದಲ್ಲಿದ್ದ ನನಗೊಬ್ಬನಿಗೇ ಕೇಳುತ್ತಿತ್ತು. ದೂರದಲ್ಲಿ ಜನರೇಟರಿನ ಸದ್ದು, ಎದುರಿಗೆ ಚಾಪೆ ಹಾಸಿಕೊಂಡು ಕುಳಿತ ಊರು, ನಡುವೆ ಆಸರೆಯೇ ಇಲ್ಲದೆ ತೇಲುತ್ತಿರುವ ಒಂದು ಒಡಕು ಗಂಟಲು. ಅದು ಇನ್ನೇನು ಸೋಲುತ್ತದೆ ಎನ್ನುವಷ್ಟರಲ್ಲಿ ಷಡ್ಜಕ್ಕೆ ಬಂದು ಮುಟ್ಟುತ್ತಿತ್ತು, ಮುಟ್ಟಿದ ಗಳಿಗೆಯಲ್ಲೇ ಮಾಮನ ಹತ್ತೂ ಬೆರಳು ಒಮ್ಮೆಗೇ ಕೆಳಗಿಳಿಯುತ್ತಿದ್ದವು. ಸಿಳ್ಳು, ಚಪ್ಪಾಳೆ, ವನ್ಸ್ ಮೋರ್.

ಇದಕ್ಕೆ ವಾದ್ಯದಲ್ಲಿಯೇ ಕಾರಣವಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹಾಡುವವನ ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವಿನ ದಾರಿಯನ್ನೆಲ್ಲ ಮುಟ್ಟಿಕೊಂಡು ಹೋಗುತ್ತದೆ. ಹಾರ್ಮೋನಿಯಂಗೂ ಪಿಯಾನೊಗೂ ಎರಡು ಮನೆಗಳ ನಡುವೆ ದಾರಿಯೇ ಇಲ್ಲ, ಹಾರುವುದಷ್ಟೇ ಸಾಧ್ಯ. ಆದ್ದರಿಂದ ಜಾರು ಇರುವ ಕಡೆ ಪೇಟಿ ಬಾಯಿ ಹಾಕಿದರೆ ಹಾಡನ್ನು ಹಾಳುಮಾಡಿದಂತೆಯೇ. ಹದಿನೈದನೆಯ ವಯಸ್ಸಿನಲ್ಲಿ ಒಂದು ರಾತ್ರಿ ತಾಲೀಮಿನಲ್ಲಿ ಪೇಟಿ ಹಿಡಿಯುವ ಅವಕಾಶ ಸಿಕ್ಕಾಗ, ನಾನು ಕಲಿತದ್ದನ್ನೆಲ್ಲ ಒಂದೇ ಪದ್ಯದಲ್ಲಿ ತೋರಿಸಿಬಿಡುವ ಆತುರದಿಂದ ಸಿಕ್ಕ ಸಂದುಗಳನ್ನೆಲ್ಲ ಸ್ವರಗಳಿಂದ ತುಂಬಿದೆ. ಭೀಮನ ಪಾತ್ರದವನು ನಡುವೆಯೇ ನಿಂತು ನನ್ನನ್ನು ದುರುಗುಟ್ಟಿ ನೋಡಿದ. ಮಾಮ ಬೀಡಿಯನ್ನು ಆರಿಸಿ, "ಅವ್ನು ಉಸ್ರು ತಗಳ್ಳಿ ಬಿಡಲೇ ತಮ್ಮಾ, ನಡುವೆ ನಿಂದೇನು ಕೆಲ್ಸ?" ಎಂದರು. ನಾನು ಪೇಟಿ ಮಾಸ್ತರನಾಗಲಿಲ್ಲ, ಲೆಕ್ಕಪತ್ರ ವಿಭಾಗದ ಗುಮಾಸ್ತನಾದೆ.

ಜಮಾಲರ ಪರಿಚಯವಾದದ್ದು ಸಂಗೀತದ ಮೂಲಕವಲ್ಲ, ಮರದ ಮೂಲಕ. ಬಳ್ಳಾರಿಯ ಬೇಸಿಗೆಯಲ್ಲಿ ಕಣ್ಣಿಗೆ ಹಬ್ಬವೆನಿಸುವುದು ಏನಾದರೂ ಇದ್ದರೆ ಅದು ಎಲೆಗಿಂತ ಹೂವೇ ಹೆಚ್ಚಾಗಿ ರಸ್ತೆಯ ಬದಿಯಲ್ಲಿ ಉರಿಯುವ ಗುಲ್‌ಮೊಹರ್, ಅಂದರೆ ಕೆಂಪು ತುರಾಯಿ ಮರ. ಮಡಗಾಸ್ಕರ್ ಮೂಲದ ಈ ಮರವನ್ನು ಇಂಗ್ಲಿಷಿನಲ್ಲಿ ರಾಯಲ್ ಪಾಯಿನ್ಸಿಯಾನಾ ಎಂದೂ ಕರೆಯುತ್ತಾರೆ. ಮಗಳ ಶಾಲೆಯ ಯಾವುದೋ ಯೋಜನೆಗಾಗಿ ಮರಗಳ ಹೆಸರುಗಳನ್ನು ಹುಡುಕುತ್ತಿದ್ದ ನಾನು ಮೊಬೈಲಿನಲ್ಲಿ ಪಾಯಿನ್ಸಿಯಾನಾ ಎಂದು ಬರೆದಾಗ ಮರದ ಜೊತೆಗೆ ಎಂಟು ನಿಮಿಷದ ಒಂದು ಹಾಡೂ ಬಂದಿತು. ಕ್ಯೂಬಾದ ಜನಪದ ಹಾಡೊಂದನ್ನು ಆಧರಿಸಿ 1936ರಲ್ಲಿ ಕಟ್ಟಿದ, ಮರವನ್ನೇ ಉದ್ದೇಶಿಸಿ ಹಾಡುವ ಹಾಡದು. ಜಮಾಲರ ಕೈಯಲ್ಲಿ ಮಾತುಗಳೆಲ್ಲ ಕಳಚಿ ಬರೀ ಪಿಯಾನೊ, ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ, ಡ್ರಮ್ಸ್ ಉಳಿದಿದ್ದವು. ಮೊದಲ ಎರಡು ನಿಮಿಷದಲ್ಲಿಯೇ ನನಗೆ ಮಾಮನ ಎತ್ತಿದ ಕೈಗಳು ಕಂಡವು.

ಆ ಮೇಲೆ ಈ ಮನುಷ್ಯನ ಬೆನ್ನುಹತ್ತಿದೆ. ಹುಟ್ಟುಹೆಸರು ಫ್ರೆಡರಿಕ್ ರಸೆಲ್ ಜೋನ್ಸ್. ಹುಟ್ಟಿದ್ದು 1930ರ ಜುಲೈ 2ರಂದು, ಪಿಟ್ಸ್‌ಬರ್ಗ್‌ನಲ್ಲಿ. ತಂದೆ ಉಕ್ಕಿನ ಕಾರ್ಖಾನೆಯ ಕಾರ್ಮಿಕರು. ದಿನವೂ ಕುಲುಮೆಗಳ ಹೊಗೆಯನ್ನು ನೋಡುತ್ತ ಕೆಲಸಕ್ಕೆ ಹೋಗುವ ನನಗೆ ಇದನ್ನು ಓದಿದಾಗ ಒಂದು ಬಗೆಯ ಊರಿನವರ ಅಭಿಮಾನ ಉಕ್ಕಿದ್ದು ನಿಜ. ಆ ಕಾಲದ ಪಿಟ್ಸ್‌ಬರ್ಗ್‌ನಲ್ಲಿ ಹೊಗೆ ಕವಿದು ಕೆಲವು ದಿನ ನಡುಹಗಲಿನಲ್ಲಿಯೇ ಬೀದಿದೀಪ ಹಚ್ಚಬೇಕಾಗುತ್ತಿತ್ತು. ಅದಿರಿನ ಲಾರಿಗಳ ಕೆಂಧೂಳಿನಲ್ಲಿ ಸಂಡೂರಿನ ರಸ್ತೆಯೇ ಕಾಣದಂತಾಗುತ್ತಿದ್ದ ವರ್ಷಗಳನ್ನು ಕಂಡ ನಮಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಆ ಮಸಿ ಹಿಡಿದ ಊರು ಕೊಟ್ಟ ಸಂಗೀತಗಾರರ ಪಟ್ಟಿ ದಂಗುಬಡಿಸುವಂಥದ್ದು: ಅರ್ಲ್ ಹೈನ್ಸ್, ಮೇರಿ ಲೂ ವಿಲಿಯಮ್ಸ್, ಎರಲ್ ಗಾರ್ನರ್, ಬಿಲ್ಲಿ ಸ್ಟ್ರೇಹಾರ್ನ್ ಎಲ್ಲರೂ ಅಲ್ಲಿಯೇ ಹುಟ್ಟಿದವರು ಅಥವಾ ಬೆಳೆದವರು. ಗಾರ್ನರ್, ಸ್ಟ್ರೇಹಾರ್ನ್ ಓದಿದ ವೆಸ್ಟಿಂಗ್‌ಹೌಸ್ ಪ್ರೌಢಶಾಲೆಯಲ್ಲಿಯೇ ಜಮಾಲರೂ ಓದಿದರು.

ಮೂರನೆಯ ವಯಸ್ಸಿನಲ್ಲಿ ಲಾರೆನ್ಸ್ ಎಂಬ ಅವರ ಅಂಕಲ್ ಪಿಯಾನೊ ಬಾರಿಸುತ್ತ, ನಾನು ಬಾರಿಸಿದ್ದನ್ನು ನೀನು ಬಾರಿಸು ನೋಡೋಣ ಎಂದು ತಮಾಷೆಗೆ ಸವಾಲು ಹಾಕಿದರಂತೆ, ಹುಡುಗ ಬಾರಿಸಿಯೇಬಿಟ್ಟನಂತೆ. ಇಂಗ್ಲಿಷಿನ ಅಂಕಲ್ ಎಂಬ ಪದದಲ್ಲಿ ಆತ ತಾಯಿಯ ಕಡೆಯವರೋ ತಂದೆಯ ಕಡೆಯವರೋ ಎಂಬುದು ನಿಲ್ಲುವುದಿಲ್ಲ. ನಾನು ಮಾತ್ರ ಸೋದರಮಾವ ಎಂದೇ ಇಟ್ಟುಕೊಂಡಿದ್ದೇನೆ. ಏಳನೆಯ ವಯಸ್ಸಿನಿಂದ ಮೇರಿ ಕಾರ್ಡ್‌ವೆಲ್ ಡಾಸನ್ ಎಂಬ ಶಿಕ್ಷಕಿಯ ಬಳಿ ಕ್ರಮಬದ್ಧ ಪಾಠವಾಯಿತು. ಈಕೆ ಸಾಮಾನ್ಯರಲ್ಲ, ಕರಿಯ ಗಾಯಕರಿಗೆ ಅಮೆರಿಕದ ದೊಡ್ಡ ಆಪೆರಾ ವೇದಿಕೆಗಳು ಬಾಗಿಲು ಮುಚ್ಚಿದ್ದ 1941ರಲ್ಲಿ ಅವರಿಗಾಗಿಯೇ ಆಪೆರಾ ಕಂಪನಿಯೊಂದನ್ನು ಕಟ್ಟಿದವರು. ಇಂಥವರ ಕೈಯಲ್ಲಿ ಬೆಳೆದುದರಿಂದಲೇ ಇರಬೇಕು, ಯುರೋಪಿನ ಶಾಸ್ತ್ರೀಯ ಸಂಗೀತ ಮೇಲಿನದು, ತಮ್ಮವರದು ಕೆಳಗಿನದು ಎಂಬ ವಿಂಗಡಣೆಯನ್ನು ಜಮಾಲರು ಕೊನೆಯವರೆಗೂ ಒಪ್ಪಲಿಲ್ಲ. ಜಾಝ್ ಎಂಬ ಪದವೇ ಅವರಿಗೆ ಹಿಡಿಸುತ್ತಿರಲಿಲ್ಲ. ಅಮೆರಿಕದ ಶಾಸ್ತ್ರೀಯ ಸಂಗೀತ ಎನ್ನಿ ಎಂದು ತಿದ್ದುತ್ತಿದ್ದರು.

ಶಾಲೆ ಮುಗಿದ ಮೇಲೆ ವಾದ್ಯವೃಂದವೊಂದರ ಜೊತೆ ಊರೂರು ಸುತ್ತಿ, ಶಿಕಾಗೊದಲ್ಲಿ ನೆಲೆನಿಂತರು. 1950ರ ಸುಮಾರಿಗೆ ಇಸ್ಲಾಂ ಸ್ವೀಕರಿಸಿ ಅಹ್ಮದ್ ಜಮಾಲ್ ಆದರು. 1951ರಲ್ಲಿ ಪಿಯಾನೊ, ಗಿಟಾರ್, ಬಾಸ್‌ಗಳ ಪುಟ್ಟ ತಂಡ ಮೊದಲ ಧ್ವನಿಮುದ್ರಣ ಮಾಡಿತು. ಮುಂದೆ ಇಸ್ರೇಲ್ ಕ್ರಾಸ್ಬಿ ಬಾಸ್‌ಗೆ ಬಂದರು, ಗಿಟಾರ್ ಹೋಗಿ ಅದರ ಜಾಗಕ್ಕೆ ವರ್ನೆಲ್ ಫೋರ್ನಿಯೆ ಎಂಬ ನ್ಯೂ ಆರ್ಲಿಯನ್ಸಿನ ಡ್ರಮ್ಸ್ ವಾದಕರು ಬಂದರು. ಈ ಮೂವರು ಶಿಕಾಗೊದ ಪರ್ಶಿಂಗ್ ಹೋಟೆಲಿನಲ್ಲಿ ಪ್ರತಿ ರಾತ್ರಿ ಬಾರಿಸುವ ನಿಲಯದ ಕಲಾವಿದರಾಗಿದ್ದರು. 1958ರ ಜನವರಿಯಲ್ಲಿ ಅಲ್ಲಿಯೇ, ಜನ ಕುಳಿತು ಕುಡಿಯುತ್ತ ಮಾತಾಡುತ್ತಿರುವಾಗಲೇ, ಧ್ವನಿಮುದ್ರಣ ನಡೆಯಿತು. 43 ತುಣುಕುಗಳನ್ನು ಮುದ್ರಿಸಿ, ಅದರಲ್ಲಿ ಎಂಟನ್ನು ಮಾತ್ರ ಜಮಾಲರು ಆರಿಸಿದರು. ಬಿಡುವ ಕಲೆ ಅಲ್ಲಿಂದಲೇ ಶುರುವಾಗಿತ್ತು ಎನ್ನಬಹುದು. ಆ ಗ್ರಾಮಫೋನ್ ತಟ್ಟೆ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ನೂರು ವಾರಗಳಿಗೂ ಹೆಚ್ಚು ಕಾಲ ಉಳಿಯಿತು; ಹಾಡುಗಾರರೇ ಇಲ್ಲದ ತಟ್ಟೆಗೆ ಇದು ಅಪರೂಪದ ಮಾತು.

ನನ್ನ ಗುಲ್‌ಮೊಹರ್ ಇರುವುದು ಈ ಎಂಟರಲ್ಲಿಯೇ. ಅದನ್ನು ನೂರಾರು ಸಲ ಕೇಳಿದ್ದೇನೆ, ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿ ಮುಟ್ಟುವುದರೊಳಗೆ ನಾಲ್ಕು ಸಲ ಕೇಳಬಹುದು. ತಬಲಾ ವಾದಕರು ಒಂಟಿಯಾಗಿ ನುಡಿಸುವಾಗ ಹಾರ್ಮೋನಿಯಂನವರು ಒಂದೇ ಸಣ್ಣ ಸುತ್ತನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಬಾರಿಸುತ್ತಿರುತ್ತಾರಲ್ಲ, ಅದಕ್ಕೆ ಲೆಹರಾ ಎನ್ನುತ್ತೇವೆ. ಇಲ್ಲಿ ಲೆಹರಾ ಹಿಡಿದಿರುವುದು ಬಾಸ್ ಮತ್ತು ಡ್ರಮ್ಸ್. ಫೋರ್ನಿಯೆ ತಮ್ಮ ಊರಿನ ಬೀದಿ ಮೆರವಣಿಗೆಗಳ ದೊಡ್ಡ ಡೋಲಿನ ನಡೆಯನ್ನು ತಂದು ಕೂರಿಸಿದ್ದಾರೆ. ಅದು ಎಂಟು ನಿಮಿಷದಲ್ಲಿ ಒಮ್ಮೆಯೂ ಹಟ ಬಿಡುವುದಿಲ್ಲ. ಇವರಿಬ್ಬರೂ ಹಾಸಿದ ಹಾಸಿನ ಮೇಲೆ ಜಮಾಲರು ಬಂದು ಹೋಗುತ್ತಿರುತ್ತಾರೆ. ಮೇಲಿನ ಸಪ್ತಕದಲ್ಲಿ ಒಂದು ಸ್ವರ, ತುಸು ಬಿಟ್ಟು ಇನ್ನೊಂದು. ಒಗ್ಗರಣೆಯ ಎಣ್ಣೆ ಕಾಯುವಾಗ ಮೊದಲ ಸಾಸಿವೆಕಾಳುಗಳು ಒಂದೊಂದೇ ಸಿಡಿಯುವಂತೆ. ಆಮೇಲೆ ಇಡೀ ಪಿಯಾನೊ ಒಮ್ಮೆಗೇ ತುಂಬಿ ಬರುತ್ತದೆ, ಮತ್ತೆ ಕೈ ಎತ್ತಿಬಿಡುತ್ತಾರೆ. ಆ ಖಾಲಿ ಜಾಗದಲ್ಲಿ ಕ್ರಾಸ್ಬಿಯವರ ದಪ್ಪ ತಂತಿ ಎಷ್ಟು ಚೆನ್ನಾಗಿ ಕೇಳುತ್ತದೆ ಎಂದರೆ, ಅದನ್ನು ಕೇಳಿಸುವುದಕ್ಕಾಗಿಯೇ ಇವರು ಸುಮ್ಮನಾದರೇನೋ ಎನಿಸುತ್ತದೆ. ಜಮಾಲರ ಬಗ್ಗೆ ಬರೆದವರೆಲ್ಲ ಅವರ ಮೌನವನ್ನು ಹೊಗಳುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಅಲ್ಲಿ ಮೌನವೇನೂ ಇಲ್ಲ, ಇನ್ನಿಬ್ಬರು ಬಾರಿಸುತ್ತಲೇ ಇದ್ದಾರೆ. ಇರುವುದು ಜಾಗ ಬಿಟ್ಟುಕೊಡುವ ದೊಡ್ಡತನ. ಹೆಸರು ತನ್ನದೇ ಆಗಿರುವ ತಂಡದಲ್ಲಿ ಜೊತೆವಾದ್ಯದವನಂತೆ ನಡೆದುಕೊಳ್ಳುವ ಗುಣ.

ಇದನ್ನು ಆ ಕಾಲದ ಕೆಲವು ವಿಮರ್ಶಕರು ತೀರಾ ತೆಳುವೆಂದು ತಳ್ಳಿಹಾಕಿದರು. ಅವರನ್ನು ಕಾಕ್‌ಟೇಲ್ ಪಿಯಾನೊ ವಾದಕ, ಅಂದರೆ ಹೋಟೆಲಿನಲ್ಲಿ ಕುಡಿಯುವವರ ಕಿವಿಗೆ ಹಿತವಾಗಲೆಂದು ಬಾರಿಸುವವನು ಎಂದು ಹಳಿದರು. ಎಷ್ಟು ಹೆಚ್ಚು ಸ್ವರ, ಎಷ್ಟು ಹೆಚ್ಚು ವೇಗ ಎಂಬುದೇ ವಿದ್ವತ್ತಿನ ಅಳತೆಗೋಲಾಗಿದ್ದ ದಿನಗಳವು. ಆದರೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ಗೆ ಮಾತ್ರ ಸಂಶಯವಿರಲಿಲ್ಲ. ಶಿಕಾಗೊಗೆ ಹೋದಾಗಲೆಲ್ಲ ಜಮಾಲರನ್ನು ಕೇಳಲು ಹೋಗುತ್ತಿದ್ದ ಅವರು ತಮ್ಮ ತಂಡದ ಪಿಯಾನೊ ವಾದಕ ರೆಡ್ ಗಾರ್ಲಂಡ್‌ಗೆ ಹೀಗೆ ಬಾರಿಸು ಎಂದು ಹೇಳಿದರು. 1957ರ ತಮ್ಮ ತಟ್ಟೆಯೊಂದರಲ್ಲಿ ಜಮಾಲರ ರಚನೆಯನ್ನೂ ಸೇರಿಸಿಕೊಂಡರು. ನಮ್ಮಲ್ಲಿಯೂ ಹಾರ್ಮೋನಿಯಂಗೆ ಇಂಥದೇ ಅವಮಾನವಾಗಿತ್ತು. ಗಮಕ ನುಡಿಸಲಾಗದ ವಿದೇಶಿ ವಾದ್ಯವೆಂದು ಅಖಿಲ ಭಾರತ ರೇಡಿಯೊ 1940ರಲ್ಲಿ ಅದನ್ನು ಹೊರಗಿಟ್ಟಿತು; ಮತ್ತೆ ಬಾಗಿಲು ತೆರೆಯತೊಡಗಿದ್ದು 1971ರಲ್ಲಿ. ಮಾಮ ಕಲಿತದ್ದು ಈ ಮೂವತ್ತು ವರ್ಷಗಳ ಒಳಗೆ. ರೇಡಿಯೊಗೆ ಬೇಡವಾದ ಪೇಟಿಯನ್ನು ಹಳ್ಳಿಗಳ ಬಯಲು ಸಾಕಿತು ಎನ್ನಬೇಕು.

ಪರ್ಶಿಂಗ್ ತಟ್ಟೆಯ ಹಣದಿಂದ ಜಮಾಲರು ಒಂದು ಕೆಲಸ ಮಾಡಿದರು, ಅದನ್ನು ನೆನೆದಾಗಲೆಲ್ಲ ನಮ್ಮ ನಾಟಕ ಕಂಪನಿಗಳ ಮಾಲೀಕರು ನೆನಪಾಗುತ್ತಾರೆ. ಉತ್ತರ ಆಫ್ರಿಕಾ ಸುತ್ತಿಬಂದು ಶಿಕಾಗೊದಲ್ಲಿ ಅಲ್‌ಹಂಬ್ರಾ ಎಂಬ ಹೋಟೆಲ್ಲನ್ನು ತೆರೆದರು: ಊಟ ಉಂಟು, ಸಂಗೀತ ಉಂಟು, ಮದ್ಯ ಮಾತ್ರ ಇಲ್ಲ. ಅಮೆರಿಕದ ರಾತ್ರಿಯ ಸಂಗೀತವೆಲ್ಲ ಮದ್ಯದ ಲಾಭದ ಮೇಲೆಯೇ ನಿಂತಿದ್ದ ಕಾಲದಲ್ಲಿ ಇದು ವರ್ಷ ತುಂಬುವುದರೊಳಗೆ ಮುಚ್ಚಿತು. 1962ರಲ್ಲಿ ತಂಡವೂ ಚದುರಿತು. ಕ್ರಾಸ್ಬಿ ಬೇರೊಬ್ಬ ಪಿಯಾನೊ ವಾದಕ ಜಾರ್ಜ್ ಶಿಯರಿಂಗ್ ಅವರ ತಂಡ ಸೇರಿದರು, ಅದೇ ಆಗಸ್ಟಿನಲ್ಲಿ ತೀರಿಕೊಂಡರು, ಅವರಿಗಿನ್ನೂ 43. ಜಮಾಲರು ನ್ಯೂಯಾರ್ಕಿಗೆ ಹೋಗಿ, ಒಂದೆರಡು ವರ್ಷ ವೇದಿಕೆಯಿಂದಲೇ ದೂರ ಉಳಿದರು.

ಆಮೇಲಿನ ಸುಮಾರು ಐವತ್ತೈದು ವರ್ಷಗಳನ್ನು ನಾನು ಬೇಗ ದಾಟಿಬಿಡುತ್ತೇನೆ, ಏಕೆಂದರೆ ಅವು ಗೌರವದ ವರ್ಷಗಳು, ಗೌರವದ ವರ್ಷಗಳಲ್ಲಿ ಹೇಳುವಂಥ ಕಥೆ ಕಡಿಮೆ. ಹೊಸ ತಂಡ ಕಟ್ಟಿದರು. 1970ರಲ್ಲಿ ಮುದ್ರಿಸಿದ ಅವರ ತಟ್ಟೆಯ ತುಣುಕುಗಳನ್ನು ಎರಡು ದಶಕಗಳ ನಂತರ ರಾಪ್ ಹಾಡುಗಾರರು ಕತ್ತರಿಸಿ ತಮ್ಮ ಹಾಡುಗಳಿಗೆ ಹಿನ್ನೆಲೆಯಾಗಿ ಹಾಕಿಕೊಂಡರು. 1994ರಲ್ಲಿ ಅಮೆರಿಕದ ಸರ್ಕಾರಿ ಕಲಾ ಸಂಸ್ಥೆಯ ಜಾಝ್ ಮಾಸ್ಟರ್ ಗೌರವ, 2017ರಲ್ಲಿ ಗ್ರ್ಯಾಮಿಯ ಜೀವಮಾನ ಸಾಧನೆಯ ಪ್ರಶಸ್ತಿ ಬಂದವು. ಎಂಬತ್ತೊಂಬತ್ತರ ವಯಸ್ಸಿನಲ್ಲಿಯೂ ಹೊಸ ತಟ್ಟೆ ಹೊರತಂದರು. ವಯಸ್ಸಾದಂತೆ ಅವರ ಕೈ ಭಾರವಾಯಿತು, ಪಿಯಾನೊವನ್ನು ಗುಡುಗಿಸುವುದು ಹೆಚ್ಚಾಯಿತು. ಅದನ್ನು ಮೆಚ್ಚುವವರಿದ್ದಾರೆ, ನಾನು 1958ಕ್ಕೇ ಮರಳುತ್ತೇನೆ. ಆದರೆ ಮುಪ್ಪಿನ ಕಾಲದ ವಿಡಿಯೊಗಳಲ್ಲಿ ಒಂದು ನೋಟ ನನಗೆ ಇಷ್ಟ: ಬಾರಿಸುತ್ತಲೇ ಒಂದು ಕೈ ಎತ್ತಿ, ಬೆರಳು ತೋರಿಸಿ, ಈಗ ನೀನು, ಈಗ ಮುಂದಿನ ಭಾಗ ಎಂದು ತಂಡವನ್ನು ನಡೆಸುತ್ತಾರೆ. ಮಾಮ ಇದನ್ನೇ ಹುಬ್ಬಿನಿಂದ ಮಾಡುತ್ತಿದ್ದರು.

ಸುದ್ದಿ ಬಂದ ವಾರದ ಭಾನುವಾರ ನಾನು ಕೌಲ್ ಬಜಾರಿನಲ್ಲಿರುವ ಮಾಮನ ಮನೆಗೆ ಹೋದೆ, ಜೊತೆಗೆ ಮಗಳ ಸಣ್ಣ ಸ್ಪೀಕರನ್ನೂ ಒಯ್ದಿದ್ದೆ. ಅವರಿಗೀಗ ಎಂಬತ್ತರ ಹತ್ತಿರ. ಕಾಲುಪೇಟಿ ಪಡಸಾಲೆಯ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ನಿಂತಿರುತ್ತದೆ. ಯಾರು, ಏನು ಎಂದು ಹೇಳದೆ ಹಾಡು ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. ಎರಡು ನಿಮಿಷವಾದ ಮೇಲೆ ಅವರು ಕೇಳಿದ್ದು ಪಿಯಾನೊದವರ ಬಗ್ಗೆ ಅಲ್ಲ. "ತಬಲದವ್ನು ಯಾರಲೇ? ಗಟ್ಟಿ ಇದಾನೆ" ಎಂದರು. ತಬಲಾ ಅಲ್ಲ ಮಾಮ, ಡ್ರಮ್ಸ್ ಎಂದೆ. ಕೈ ಆಡಿಸಿ ಸುಮ್ಮನಿರಿಸಿದರು. ಜನರ ಗುಜುಗುಜು ಕೇಳಿದಾಗ ಕಣ್ಣು ತೆರೆದು, ಕುಡಿಯುವವರ ಮುಂದೆ ಬಾರಿಸಿದ್ದೇ ಎಂದು ವಿಚಾರಿಸಿದರು. ಅಲ್‌ಹಂಬ್ರಾದ ಕಥೆ ಹೇಳಿದಾಗ ಕೆಮ್ಮು ಬರುವಷ್ಟು ನಕ್ಕರು. "ಪೇಟಿ ಮಾಸ್ತರು ಹೋಟ್ಲು ಇಟ್ರೆ ಇನ್ನೇನಾಗ್ತದೆ!"

ನಾನು ಕ್ರಾಸ್ಬಿ ತೀರಿಕೊಂಡದ್ದನ್ನೂ ಜಮಾಲರು ಬಾರಿಸುವುದನ್ನು ನಿಲ್ಲಿಸಿದ್ದನ್ನೂ ಹೇಳಿದೆ. "ಮತ್ತೆ? ಅದಕ್ಕೇ ಬಿಟ್ಟಿರ್ತಾನೆ" ಎಂದರು ಮಾಮ. ತಂಡ ಒಡೆದದ್ದು ಅದಕ್ಕೆ ಮೊದಲೇ, ಹೋಟೆಲಿನ ನಷ್ಟವೂ ಇತ್ತು, ಎಂದು ನಾನು ಇಸವಿಗಳನ್ನು ಎಣಿಸತೊಡಗಿದಾಗ, "ನಿಂಗೆ ಅದೆಲ್ಲಾ ತಿಳಿಯಲ್ಲ ಬಿಡು" ಎಂದು ತಡೆದರು. ಇಪ್ಪತ್ತು ವರ್ಷ ಅವರ ಜೊತೆ ಊರೂರು ತಿರುಗಿ ತಬಲಾ ಬಾರಿಸಿದವರು ತೀರಿಕೊಂಡ ವರ್ಷ ಮಾಮ ಒಂದು ನಾಟಕವನ್ನೂ ಒಪ್ಪಿಕೊಂಡಿರಲಿಲ್ಲ. ಕಣ್ಣು ಸರಿಯಿಲ್ಲ ಎಂದು ಆಗ ಎಲ್ಲರಿಗೂ ಹೇಳಿದ್ದರು, ನಾವೂ ನಂಬಿದ್ದೆವು.

ಹಾಡು ಮುಗಿದ ಮೇಲೆ ಅವರು ಎದ್ದು ಹೋಗಿ ಪೇಟಿಯ ಮೇಲಿನ ಸೀರೆ ತೆಗೆದರು. ತಿದಿ ಎಲ್ಲಿಯೋ ಸಣ್ಣಗೆ ಸೋರುತ್ತಿತ್ತು. ಎಡಗೈಯಲ್ಲಿ ಆ ಬಾಸಿನ ಸುತ್ತನ್ನು ಹುಡುಕಿ, ಎರಡು ಸಲ ತಪ್ಪಿ, ಮೂರನೆಯ ಸಲ ಹಿಡಿದು, ಲೆಹರಾದಂತೆ ಸುತ್ತಿಸತೊಡಗಿದರು. ಬಲಗೈ ಮೇಲೆ ಏಳುತ್ತದೆ, ಇನ್ನೇನು ಮೇಲಿನ ಸಪ್ತಕದ ಮನೆಗಳ ಮೇಲೆ ಇಳಿಯುತ್ತದೆ ಎಂದು ನಾನು ಕಾಯುತ್ತಲೇ ಇದ್ದೆ. ಅದು ತೊಡೆಯ ಮೇಲೆಯೇ ಇತ್ತು. ಚಹಾ ಆರುತ್ತಿದೆ ಎಂದು ಅತ್ತೆ ಒಳಗಿನಿಂದ ಎರಡು ಸಲ ಕೂಗಿದರು.